ಬಾಲಚುಕ್ಕಿಯ ಕೆಳಗೆ ಕೂತಿದ್ದ ಬೀರಪ್ಪ

ಲೋಕಾಪುರದ ಕ್ರಾಸಿನಲ್ಲಿ ಬಸ್ಸು ನಿಂತಿತು. ಕಿಟಕಿಯಿಂದ ಒಳಗೆ ನುಗ್ಗಿದ ವಾಸನೆಗೆ ಪಕ್ಕದ ಸೀಟಿನ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಎದೆ ತುಂಬ ಉಸಿರೆಳೆದುಕೊಂಡೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಅದು. ಒಂದಿಷ್ಟು ಬೆಲ್ಲ, ಒಂದಿಷ್ಟು ಹುಳಿ, ಒಂದಿಷ್ಟು ಸುಟ್ಟ ರವದಿ, ಅಂದರೆ ಕಬ್ಬಿನ ಒಣಗರಿ. ಹೊಸಬರಿಗೆ ಹೊಟ್ಟೆ ತೊಳಸುತ್ತದೆ, ನನಗೂ ಮೊದಲ ವಾರ ಹಾಗೇ ಆಗಿತ್ತು. ಪರೀಕ್ಷೆಯ ಕೆಲಸಕ್ಕೆಂದು ಬಾಗಲಕೋಟೆಗೆ ಹೊರಟಿದ್ದವಳಿಗೆ ಆ ವಾಸನೆ ತಾಗಿದ್ದೇ ತಡ, ಜಮಖಂಡಿಯಲ್ಲಿ ನಾನು ಕಳೆದಿದ್ದ ವರ್ಷ, ಅದರಲ್ಲೂ ದೀಪಾವಳಿಯಿಂದ ಯುಗಾದಿಯವರೆಗಿನ ಆ ಒಂದು ಹಂಗಾಮು, ಇಡಿಯಾಗಿ ಎದ್ದು ಬಂತು.

ನಾನು ತುಮಕೂರು ಕಡೆಯವಳು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಜಮಖಂಡಿಗೆ ವರ್ಗವಾದಾಗ ನೆಂಟರೆಲ್ಲ ಸಾವಿನ ಮನೆಗೆ ಬಂದವರಂತೆ ಮಾತಾಡಿಸಿದರು. ನನಗೆ ಒಳಗೊಳಗೇ ಒಂದು ಆಸೆಯಿತ್ತು. ಆಕಾಶದ ಫೋಟೊ ತೆಗೆಯುವ ಹುಚ್ಚು ನನ್ನದು. ಬೀಳಗಿ ಕಡೆಯ ಹಿನ್ನೀರಿನ ಮೇಲೆ ದೀಪದ ಸುಳಿವಿಲ್ಲದ ಆಕಾಶ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಹೇಳಿದವರು ಕಬ್ಬಿನ ಹಂಗಾಮಿನ ಬಗ್ಗೆ ತುಟಿ ಬಿಚ್ಚಿರಲಿಲ್ಲ. ದೀಪಾವಳಿ ಮುಗಿದದ್ದೇ ಕಾರ್ಖಾನೆಗಳು ನುರಿಸಲು ಶುರುಮಾಡಿದವು. ಮುಧೋಳದ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಸಾಲುಗಟ್ಟಿದವು. ಸಂಜೆಯಾದರೆ ಆಕಾಶದ ಅಂಚು ಕಾರ್ಖಾನೆಯ ದೀಪಕ್ಕೆ ಹಳದಿಯಾಗುತ್ತಿತ್ತು. ಬಾನು ಕಪ್ಪಗಿರಲಿ ಎಂದು ನಾನು ಬೇಡಿಕೊಂಡರೆ ಬೂದಿ ಕಪ್ಪಗೆ ಬಿತ್ತು. ಮಾಳಿಗೆಯ ಮೇಲೆ, ಒಣಗಲು ಹಾಕಿದ ಸೀರೆಯ ಮೇಲೆ, ನನ್ನ ಲೆನ್ಸಿನ ಮೇಲೆ. ನಾನು ಊರಿಗೆಲ್ಲ ಶಾಪ ಹಾಕುತ್ತ ಓಡಾಡಿದೆ.

ಆಕಾಶ ಕೈಕೊಟ್ಟ ಮೇಲೆ ಉಳಿದದ್ದು ಕಂಪ್ಯೂಟರ್. ಈ ಕಸುಬಿನಲ್ಲಿ ಅರ್ಧ ಕೆಲಸ ನಡೆಯುವುದು ಅಲ್ಲೇ. ಕತ್ತಲಲ್ಲಿ ತೆಗೆದ ಒಂದು ಚಿತ್ರದಲ್ಲಿ ಬರೀ ಕಾಳುಕಾಳು ಕಸ ಕಾಣುತ್ತದೆ. ಅದೇ ಜಾಗದ ಹತ್ತಾರು ಚಿತ್ರ ತೆಗೆದು ಒಂದರ ಮೇಲೊಂದು ಪೇರಿಸಿದರೆ ಕಸ ಕರಗಿ ಇದ್ದದ್ದು ಮೂಡುತ್ತದೆ. ವಿದ್ಯಾರ್ಥಿಗಳಿಗೆ ನಾನು ಇದನ್ನು ಓಣಿಯ ಸುದ್ದಿಗೆ ಹೋಲಿಸಿ ಹೇಳುತ್ತಿದ್ದೆ. ಹತ್ತು ಮಂದಿ ಒಂದೇ ಸುದ್ದಿ ಹೇಳುವಾಗ ಒಬ್ಬೊಬ್ಬರೂ ಒಂದೊಂದು ಸುಳ್ಳು ಸೇರಿಸುತ್ತಾರೆ, ಸುಳ್ಳು ಬೇರೆ ಬೇರೆ, ಖರೆ ಒಂದೇ. ಎಲ್ಲರದೂ ಕೇಳಿಸಿಕೊಂಡರೆ ಖರೆ ಉಳಿಯುತ್ತದೆ. ಹೀಗೆ ಪೇರಿಸುವ ಒಂದು ಪುಕ್ಕಟೆ ತಂತ್ರಾಂಶವನ್ನು ನಾನು ಬಳಸುತ್ತಿದ್ದೆ. ಆ ಚಳಿಗಾಲದಲ್ಲೇ ಅದರ ಹೊಸ ಆವೃತ್ತಿ ಬಂತು. ನೆಟ್ಟಿನ ವೇಗ ನೋಡಿದರೆ ಅದು ಇಳಿಯುವುದರೊಳಗೆ ಇನ್ನೊಂದು ಆವೃತ್ತಿ ಬಂದೀತು ಎಂಬಂತಿತ್ತು. ಬೆಳಿಗ್ಗೆ ಪ್ರಯೋಗಾಲಯದಲ್ಲಿ ಹಚ್ಚಿಟ್ಟದ್ದು ಸಂಜೆಗೆ ಇಳಿಯಿತು.

ಆ ಸಂಜೆ ನನ್ನ ಹಿಂದೆ ನಿಂತು ನೋಡುತ್ತಿದ್ದವಳು ಮಾಳವ್ವ. ನಮ್ಮ ಪ್ರಯೋಗಾಲಯದ ಸಹಾಯಕಿ, ಇಪ್ಪತ್ತು ದಾಟಿದ ಹೆಣ್ಣುಮಗಳು, ಹುನ್ನೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಮಾತು ಕಡಿಮೆ. ಪರದೆಯ ಮೇಲೆ ನಾನು ಹಿಂದೆಂದೋ ತೆಗೆದ ಒಂದು ಧೂಮಕೇತು, ಅದೇ ಬಾಲಚುಕ್ಕಿ, ಕಸದೊಳಗಿಂದ ಮೆಲ್ಲಗೆ ಮೂಡುತ್ತಿತ್ತು.

"ಇಂಥಾದ್ದು ನಮ್ಮೂರಾಗ ಬಂದಿತ್ರೀ ಮೇಡಮ್ಮಾರ" ಎಂದಳು. "ಇದಕ್ಕಿಂತ ದೊಡ್ಡದು. ಬರೇ ಕಣ್ಣೀಗೇ ಕಾಣತಿತ್ತು. ನಾ ಸಣ್ಣಾಕಿ. ಆ ಊರು ಈಗ ನೀರಾಗೈತಿ."

ತೊಂಬತ್ತೇಳರ ಬೇಸಿಗೆಯ ಮೊದಲಿಗೆ ಪಡುವಣದಲ್ಲಿ ಸಂಜೆ ಸಂಜೆ ಕಾಣುತ್ತಿದ್ದ ಬಾಲಚುಕ್ಕಿಯನ್ನು ನಾನೂ ನೋಡಿದ್ದೆ. ಅವಳ ಊರು ಬೀಳಗಿ ತಾಲೂಕಿನ ಹೊಳೆದಂಡೆಯಲ್ಲಿತ್ತು. ಅಣೆಕಟ್ಟೆಯ ನೀರು ಬರುತ್ತದೆಂದು ಊರು ಏಳುವ ಗಡಿಬಿಡಿಯಲ್ಲಿದ್ದ ಕಾಲ ಅದು. ಹೆತ್ತ ತಾಯಿ ಹೆರಿಗೆಯಲ್ಲೇ ತೀರಿದ್ದಳು. ಕುರಿ ಕಾಯುವ ಅಪ್ಪ ಬೀರಪ್ಪನೇ ಇವಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬೆಳೆಸಿದ. ಊರು ಎದ್ದ ಮಳೆಗಾಲದಲ್ಲಿ ಅವನೂ ಜ್ವರ ಬಂದು ಹೋದ. ಆಮೇಲೆ ಹುನ್ನೂರಿನ ಸೋದರಮಾವನ ಮನೆ.

"ಅಪ್ಪಂದು ಒಂದೂ ಫೋಟೊ ಇಲ್ರಿ. ಓಟಿನ ಕಾರ್ಡಿಗೆ ತಗಿಯಾಕ ಬಂದಾಗ ಕುರಿ ಹೊಡ್ಕೊಂಡು ಹೋಗಿದ್ದನಂತ. ಪರಿಹಾರಕ್ಕಂತ ಮನಿ ಅಳಿಯಾಕ ಬಂದಾಗೂ ಇರಲಿಲ್ಲಂತ." ಪರದೆಯ ಮೇಲಿನ ಬಾಲಚುಕ್ಕಿಯತ್ತ ಬೆರಳು ಮಾಡಿದಳು. "ಬ್ಯಾರೇದ್ದೆಲ್ಲಾ ನೆಪ್ಪೈತ್ರಿ. ಚುಕ್ಕಿ ನೆಪ್ಪೈತಿ, ಅದರ ಬಾಲ ಯಾ ಕಡಿ ಇತ್ತು ಅನ್ನೂದೂ ನೆಪ್ಪೈತಿ. ಅಪ್ಪನ ಮಾರಿ ಮಾತ್ರ ವರ್ಷಾ ವರ್ಷಾ ಅಳಿಸಿಕೋಂತ ಹೊಂಟೈತ್ರಿ. ಈಗ ಕಣ್ಣ ಮುಚ್ಚಿದ್ರ ಪಟಗಾ ಕಾಣತೈತಿ, ಅದರ ಕೆಳಗ ಏನೂ ಇಲ್ಲ."

ಪಟಗ ಎಂದರೆ ತಲೆಯ ರುಮಾಲು, ಅದರ ಕೆಳಗೆ ಮುಖವೇ ಇಲ್ಲ ಎನ್ನುತ್ತಿದ್ದಳು. ಆಗ ಅವಳು ಇನ್ನೊಂದು ಸಂಗತಿ ಹೇಳಿದಳು. ಬಾಲಚುಕ್ಕಿ ತೆಗೆಯಲೆಂದು ಜಮಖಂಡಿಯಿಂದ ಒಬ್ಬ ಫೋಟೊದವರು ಅವರ ಊರಿಗೆ ಬಂದಿದ್ದರಂತೆ. ಚಿತ್ರದ ಮುಂಭಾಗದಲ್ಲಿ ಏನಾದರೂ ಇರಲೆಂದು ಬೀರಪ್ಪನನ್ನು ಮನೆಯ ಕಟ್ಟೆಯ ಮೇಲೆ ಕೂರಿಸಿದ್ದರಂತೆ. ಕಾಲೇಜಿಗೆ ಸೇರಿದ ಮೇಲೆ ಮಾಳವ್ವ ಅವರನ್ನು ಹುಡುಕಿಕೊಂಡು ಹೋಗಿ ಕೇಳಿಯೂ ಇದ್ದಳು. ಎಲ್ಲ ಕರ್ರಗೆ ಬಂದಿವೆ, ಏನೂ ಕಾಣುವುದಿಲ್ಲ ಎಂದು ಅವರು ಹೇಳಿ ಕಳಿಸಿದ್ದರು.

"ಎಷ್ಟು ಫೋಟೊ ತೆಗೆದಿದ್ದರಂತೆ?" ಎಂದೆ.

"ಇಡೀ ರೋಲ್ ಖರ್ಚ ಮಾಡಿದ್ರಂತ್ರಿ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಆ ಫೋಟೊದವರು ದತ್ತೋಪಂತ. ಹಳೆ ಪೇಟೆಯಲ್ಲಿ ಅವರ ಸ್ಟುಡಿಯೊ. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಮುಧೋಳದ ನಾಯಿಯ ಹಾಗೆ ತೆಳ್ಳಗೆ, ಉದ್ದಕ್ಕೆ, ಚುರುಕಾಗಿದ್ದ ಮುದುಕ. ಯುಗಾದಿಗೆ ಸ್ಟುಡಿಯೊ ಮುಚ್ಚಿ ಮಿರಜಿನ ಮಗಳ ಮನೆಗೆ ಹೋಗುವ ಸಿದ್ಧತೆಯಲ್ಲಿದ್ದರು. ಹಳೆಯ ನೆಗೆಟಿವ್‌ಗಳನ್ನು ಪೆಟ್ಟಿಗೆ ಪೆಟ್ಟಿಗೆಯಾಗಿ ಹಿತ್ತಲಲ್ಲಿ ಸುಡುತ್ತಿದ್ದರು. ನಾವು ಹೋದಾಗಲೂ ಹೊಗೆಯಾಡುತ್ತಿತ್ತು.

"ಆ ರೋಲ್ ಏನು ಮಾಡ್ತೀರಿ ಬಾಯಾರ? ನಾನೇ ನೋಡೀನಿ, ಬರೇ ಕತ್ತಲಿ ಅದ" ಎಂದರು.

"ಕತ್ತಲೆಯೇ ನನ್ನ ಕಸುಬು, ಕೊಡಿ ನೀವು" ಎಂದೆ. ಅವರು ನಕ್ಕರು. ಒಳಗೆ ಹೋಗಿ ಮೂರು ಪೆಟ್ಟಿಗೆ ಕೆಡವಿ, ಧೂಳಿಗೆ ಸೀನಿ, ಕಡೆಗೆ ಒಂದು ಬೆಣ್ಣೆಕಾಗದದ ಚೀಲ ತಂದುಕೊಟ್ಟರು. ಇನ್ನೊಂದು ವಾರ ತಡವಾಗಿದ್ದರೆ ಅದೂ ಬೂದಿಯಾಗಿರುತ್ತಿತ್ತು. ಆಗ ಹಾಗೆಂದು ಹೆದರಿದ್ದೆ. ಈಗ ನೆನೆದರೂ ಆ ಮುದುಕರಿಗೆ ಕೈಮುಗಿಯಬೇಕೆನಿಸುತ್ತದೆ, ಕೆಲಸಕ್ಕೆ ಬಾರದ್ದೆಂದು ತಾವೇ ನಂಬಿದ್ದನ್ನು ಅಷ್ಟು ವರ್ಷ ಒಣ ಜಾಗದಲ್ಲಿ ಕಾದಿಟ್ಟಿದ್ದರಲ್ಲ.

ನೆಗೆಟಿವ್‌ಗಳನ್ನು ಕಂಪ್ಯೂಟರಿಗೆ ಇಳಿಸಲು ಒಳ್ಳೆಯ ಸ್ಕ್ಯಾನರ್ ಬೇಕಿತ್ತು. ಅದು ಸಿಕ್ಕಿದ್ದು ಬನಹಟ್ಟಿಯಲ್ಲಿ, ಸೀರೆಯ ಅಂಚು ಸೆರಗಿನ ವಿನ್ಯಾಸ ಮಾಡಿಕೊಡುವ ಒಂದು ಅಂಗಡಿಯಲ್ಲಿ. ಸುತ್ತಲೂ ಪವರ್‌ಲೂಮುಗಳ ಖಟಖಟ. ನಾನು ಹೇಳಿದ್ದು ಅಂಗಡಿಯವನಿಗೆ ಕೇಳಿಸದು, ಅವನು ಹೇಳಿದ್ದು ನನಗೆ ಕೇಳಿಸದು. ಎರಡು ಸಲ ಬಾಗಿಲ ಸಂದಿಯಿಂದ ಕಬ್ಬಿನ ಬೂದಿ ಹಾರಿಬಂದು ಗಾಜಿನ ಮೇಲೆ ಕೂತಿತು. ಮಾಳವ್ವ ತನ್ನ ಸೆರಗಿನ ತುದಿಯಿಂದ ಅದನ್ನು ಒರೆಸುತ್ತ, ಒಂದೊಂದು ಚೌಕವನ್ನೂ ಬೆಳಕಿಗೆ ಹಿಡಿದು ನೋಡಿ ಕೊಡುತ್ತಿದ್ದಳು. ಕಾಣುವುದು ಏನೂ ಇರಲಿಲ್ಲ. ಆದರೂ ನೋಡುತ್ತಿದ್ದಳು.

ಮೊದಲ ಸಲ ಪೇರಿಸಿದಾಗ ತಂತ್ರಾಂಶ ತನ್ನ ಹಳೆಯ ಚಾಳಿಯಂತೆ ನಕ್ಷತ್ರಗಳನ್ನೇ ಗುರುತು ಹಿಡಿದು ಹೊಂದಿಸಿತು. ಬಾಲಚುಕ್ಕಿ ಎಷ್ಟು ಚೆನ್ನಾಗಿ ಬಂತೆಂದರೆ ನಾನು ಕೂಗಿಬಿಟ್ಟೆ. ಎರಡು ಬಾಲ, ಒಂದು ನೀಲಿ, ಒಂದು ಬಿಳಿ. ಕೆಳಗೆ ನೆಲವೆಲ್ಲ ಮಾತ್ರ ಅಂಬಲಿಯಾಗಿತ್ತು. ಕಾರಣ ಸರಳ. ಆಕಾಶ ಸರಿಯುತ್ತದೆ, ನೆಲ ಸರಿಯುವುದಿಲ್ಲ. ನಕ್ಷತ್ರ ಹೊಂದಿಸಿದರೆ ನೆಲ ಕಲಸಿಹೋಗುತ್ತದೆ, ನೆಲ ಹೊಂದಿಸಿದರೆ ನಕ್ಷತ್ರಗಳು ಗೀರಾಗುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಜೋಡಿ.

"ಭಾಳ ಛಲೋ ಬಂದೈತ್ರಿ" ಎಂದಳು ಮಾಳವ್ವ, ಮರ್ಯಾದೆಗೆ. ಅವಳ ಕಣ್ಣು ಆ ಅಂಬಲಿಯ ಮೇಲಿತ್ತು.

ಹೊಸ ಆವೃತ್ತಿಯಲ್ಲಿ ಇದಕ್ಕೇ ಒಂದು ದಾರಿ ಮಾಡಿದ್ದರು. ಆಕಾಶ ಎಲ್ಲಿಗೆ ಮುಗಿಯುತ್ತದೆ ಎಂದು ಗೆರೆ ಎಳೆದು ತೋರಿಸಿದರೆ ಸಾಕು, ಅದು ಆಕಾಶವನ್ನು ಬೇರೆ, ನೆಲವನ್ನು ಬೇರೆ ಹೊಂದಿಸಿ ಕಡೆಗೆ ಎರಡನ್ನೂ ಕೂಡಿಸುತ್ತಿತ್ತು. ಜಗತ್ತಿನ ಯಾವ ಮೂಲೆಯಲ್ಲಿ ಕೂತು ಯಾರು ಇದನ್ನು ಬರೆದರೋ ಗೊತ್ತಿಲ್ಲ. ಬೆಟ್ಟದ ಮೇಲಿನ ನಕ್ಷತ್ರ ತೆಗೆಯುವವರಿಗಾಗಿ ಬರೆದಿರಬೇಕು, ಕುರಿ ಕಾಯುವವನೊಬ್ಬನ ಕಟ್ಟೆಗಾಗಿ ಅಲ್ಲ. ಆ ಪುಣ್ಯಾತ್ಮರು ತಣ್ಣಗಿರಲಿ.

ಮುಂದಿನ ಅಡ್ಡಿ ಕರೆಂಟು. ಬಿಸಿಲೇರಿದ ಹಾಗೆ ಲೋಡ್‌ಶೆಡ್ಡಿಂಗ್ ಜೋರಾಯಿತು. ಲೆಕ್ಕ ಅರ್ಧಕ್ಕೆ ಬರುವುದು, ಫ್ಯಾನ್ ನಿಲ್ಲುವುದು, ಯುಪಿಎಸ್ ಎರಡು ಸಲ ಚೀರಿ ಸುಮ್ಮನಾಗುವುದು. ಮಾಳವ್ವ ಊಟದ ಬಿಡುವಿನಲ್ಲಿ ಬಂದು ಪರದೆ ಕಪ್ಪಗಿರುವುದನ್ನು ನೋಡಿ, "ಹೋತೇನ್ರಿ?" ಎಂದು ಕೇಳಿ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಅದ್ಯಾವ ದೇವರ ಕೃಪೆಯೋ, ಕರೆಂಟು ಕಡೆಯವರೆಗೂ ನಿಂತಿತು.

ನೆಲ ಮೂಡಿತು. ಮೊದಲು ಕಟ್ಟೆಯ ಕಲ್ಲು. ಆಮೇಲೆ ಬಾಗಿಲು, ಬಾಗಿಲ ಮೂಲೆಗೆ ತೂಗುಹಾಕಿದ ಕಂದೀಲು. ಕಟ್ಟೆಯ ಮೇಲೆ ಒಂದು ಮೊಣಕಾಲು ಎತ್ತಿ ಕೂತ ಮನುಷ್ಯ. ಹೆಗಲ ಮೇಲಿನ ಕಂಬಳಿಯ ಅಂಚಿನ ಎಳೆಗಳು ಕೂಡ ಎಣಿಸುವ ಹಾಗೆ ಕಾಣುತ್ತಿದ್ದವು. ಕೈಯಲ್ಲಿ ಕೋಲು, ಕೋಲಿನ ಮೇಲೆ ಬೆರಳುಗಳು. ಮೇಲೆ ಇಡೀ ಬಾಲಚುಕ್ಕಿ. ಮಾಳವ್ವನನ್ನೂ ದತ್ತೋಪಂತರನ್ನೂ ಕರೆಸಿದೆ.

ದತ್ತೋಪಂತರು ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. "ಅರೆ! ಇಷ್ಟು ಸ್ವಚ್ಛ ಹ್ಯಾಂಗ ಬಂತು? ಮನಶಾ ಅಷ್ಟೊತ್ತು ಒಂದss ಕಡೆ ಕೂಡೋದು ಸಾಧ್ಯನss ಇಲ್ಲ." ಆಮೇಲೆ ತಲೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯಯ್ಯ. ನಾ ಅವಗ ಅಲುಗಬ್ಯಾಡೋ ಅಂತ ಹೇಳಿದ್ದೆ. ಆತು, ಏಳಿನ್ನ, ಅಂತ ಹೇಳೋದು ಮರತೇಬಿಟ್ಟಿದ್ದೆ. ರೋಲ್ ಮುಗಿಯೋ ತನಕಾ ಕೂತಿದ್ದನ್ರಿ ಆ ಮನಶಾ! ಸಾಮಾನು ಕಟ್ಟೋ ಮುಂದ ನೋಡ್ತೀನಿ, ಇನ್ನೂ ಕೂತಾನ."

ಕುರಿಯ ಹಿಂದೆ ಕೋಲೂರಿ ನಿಂತು ದಿನ ಕಳೆಯುವವರಿಗೆ ಅದೇನು ದೊಡ್ಡದಲ್ಲ. ಬೇರೆ ಯಾರೇ ಆಗಿದ್ದರೂ ಎರಡನೆಯ ಫೋಟೊಗೇ ಎದ್ದು ಮೈಮುರಿದು ಹೋಗಿರುತ್ತಿದ್ದರು, ನಮಗೆ ಈ ಕಟ್ಟೆ ಬರೀ ಖಾಲಿ ಸಿಗುತ್ತಿತ್ತು.

ಮಾಳವ್ವ ಪರದೆಗೆ ಇನ್ನಷ್ಟು ಹತ್ತಿರ ಬಂದಳು. ಅವಳು ನೋಡುತ್ತಿದ್ದ ಕಡೆ ನೋಡಿದೆ. ಕೋಲು, ಕೈ, ಕಂಬಳಿ, ಎಲ್ಲ ಸ್ಪಷ್ಟ. ಪಟಗದ ಕೆಳಗೆ ಒಂದು ಬೂದು ಉಂಡೆ. ಮುಖವಿಲ್ಲ.

"ನನಗ ಕಾಣೂ ಹಂಗೇ ಬಂದೈತಿ ನೋಡ್ರಿ" ಎಂದು ಅವಳು ನಗಲು ನೋಡಿದಳು, ಆಗಲಿಲ್ಲ.

ಆ ಮಾತಿನ ಮೇಲೆ ನಾನು ಎರಡು ವಾರ ಒದ್ದಾಡಿದೆ. ಕಾಂತಿ ಏರಿಸಿದೆ, ಇಳಿಸಿದೆ, ಅಂಚು ಚೂಪು ಮಾಡಿದೆ. ಉಂಡೆ ಉಂಡೆಯಾಗಿಯೇ ಉಳಿಯಿತು. ದತ್ತೋಪಂತರಿಗೆ ಕನಿಕರ ಬಂತು. ಸಣ್ಣ ಪೆನ್ಸಿಲ್ಲಿನಲ್ಲಿ ನೆಗೆಟಿವ್ ತಿದ್ದುವುದರಲ್ಲಿ ಅವರದು ಎತ್ತಿದ ಕೈ. "ಹೆಣ್ಣುಮಗಳss, ಮಗಳಿಗೆ ಅಪ್ಪನ ಹೋಲಿಕಿ ಇರ್ತದ. ನಿನ್ನ ಮಾರಿನೇ ಅಲ್ಲಿ ಕುಂದರಿಸಿ, ಛಂದಾಗಿ ಮೀಸಿ ಬರದಕೊಡ್ತೀನಿ. ಯಾರಿಗೂ ತಿಳಿಯಂಗಿಲ್ಲ" ಎಂದರು.

"ಬ್ಯಾಡ್ರಿ ಅಜ್ಜಾರ" ಎಂದಳು ಮಾಳವ್ವ. "ಆಮ್ಯಾಲ ನನಗ ಅದss ನೆಪ್ಪ ಉಳಿತೈತಿ."

ದತ್ತೋಪಂತರು ತಲೆಯಾಡಿಸಿ ಒಪ್ಪಿಕೊಂಡರು. ನನಗೆ ಅವಳ ಮೇಲೆ ಅಂದು ಹುಟ್ಟಿದ ಗೌರವ ಇಂದಿಗೂ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಹೊಸ ಆವೃತ್ತಿಯಲ್ಲಿ ನಾನು ಮುಟ್ಟದೇ ಬಿಟ್ಟಿದ್ದ ಇನ್ನೊಂದು ಸವಲತ್ತಿತ್ತು. ಪೇರಿಸುವಾಗ ಎಲ್ಲ ಚಿತ್ರಗಳಲ್ಲೂ ಇರುವುದನ್ನು ತಂತ್ರಾಂಶ ಇಟ್ಟುಕೊಳ್ಳುತ್ತದೆ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂಬಂತೆ ಯಾವುದೋ ಒಂದೆರಡು ಚಿತ್ರಗಳಲ್ಲಿ ಮಾತ್ರ ಬಂದದ್ದನ್ನು, ಹಾರುವ ಹುಳ, ವಿಮಾನದ ದೀಪ ಇಂಥವನ್ನು, ಎತ್ತಿ ಎಸೆಯುತ್ತದೆ. ಹಾಗೆ ಎಸೆದದ್ದನ್ನೆಲ್ಲ ಈಗ ಬೇರೆಯೇ ಒಂದು ಚಿತ್ರವಾಗಿ ತೋರಿಸುತ್ತಿತ್ತು. ಕಸದ ಬುಟ್ಟಿಯನ್ನು ನೋಡುವವರು ಯಾರು ಎಂದು ನಾನು ಅದನ್ನು ತೆರೆದೇ ಇರಲಿಲ್ಲ. ಹತಾಶೆಯಲ್ಲಿ ಒಂದು ದಿನ ತೆರೆದೆ.

ಕಪ್ಪು ನೆಲದ ಮೇಲೆ ಬಿಳಿ ಗೀರುಗಳು. ಕಟ್ಟೆಯ ಎಡಕ್ಕೆ ಒಂದು, ಬಲಕ್ಕೆ ಎರಡು, ಬಾಗಿಲ ಹತ್ತಿರ ಸುರುಳಿ, ಬೀರಪ್ಪನ ಕಾಲ ಬಳಿ ಒಂದು ದಟ್ಟ ಮಬ್ಬು. ಮೊಣಕಾಲೆತ್ತರದಲ್ಲಿ ಯಾವುದೋ ಬಿಳಿಯದು ಇಡೀ ಸಂಜೆ ಅಲ್ಲೆಲ್ಲ ಸುತ್ತಾಡಿತ್ತು. ನಾಯಿಯೇ? ಕುರಿಮರಿಯೇ? ಒಂದೊಂದೇ ಚಿತ್ರ ಬಿಡಿಸಿ ನೋಡಿದೆ. ಒಂದರಲ್ಲಿ ಆ ಬಿಳಿಯದಕ್ಕೆ ಎರಡು ಜಡೆ ಇದ್ದವು.

"ಮಾಳವ್ವ, ನಿನಗೆ ಬಿಳಿ ಫ್ರಾಕ್ ಇತ್ತಾ?"

ಅವಳು ಕೈಯಲ್ಲಿದ್ದ ಗಾಜಿನ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. "ಸಾಲಿ ಯುನಿಫಾರಂದ್ರಿ. ಅದೊಂದss ಇತ್ತು."

ಎಲ್ಲ ಅಲ್ಲೇ ತಿಳಿಯಿತು. ಮೈ ಅಲುಗಿಸಬೇಡ ಎಂದಿದ್ದರು, ಬೀರಪ್ಪ ಮೈ ಅಲುಗಿಸಲಿಲ್ಲ. ಆದರೆ ತಾಯಿಯಿಲ್ಲದ ಕೂಸು ಕತ್ತಲಲ್ಲಿ ಓಡಾಡುತ್ತಿತ್ತು. ಅದು ಎಡಕ್ಕೆ ಓಡಿದರೆ ಅವನ ಮುಖ ಎಡಕ್ಕೆ, ಬಲಕ್ಕೆ ಓಡಿದರೆ ಬಲಕ್ಕೆ. ಇಡೀ ರೋಲಿನ ಉದ್ದಕ್ಕೂ ಆ ಒಂದು ಮುಖ ಮಾತ್ರ ಮಗಳ ಹಿಂದೆ ತಿರುಗುತ್ತಲೇ ಇತ್ತು. ಅದಕ್ಕೇ ಕಲಸಿಹೋಗಿತ್ತು. ನಾನಿದನ್ನು ಹೇಳುವಾಗ ಮಾಳವ್ವ ಆ ಬಿಳಿ ಗೀರುಗಳ ಮೇಲೆ ಬೆರಳಾಡಿಸುತ್ತಿದ್ದಳು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

ಆಮೇಲೆ ಮಾಡಬೇಕಾದದ್ದು ಸುಲಭವಾಗಿತ್ತು. ಕೆಲವೇ ಕೆಲವು ಚಿತ್ರಗಳಲ್ಲಿ ಬಿಳಿಯ ಗೀರು ಎಲ್ಲೂ ಇರಲಿಲ್ಲ. ಕೂಸು ಒಳಗೆ ಹೋಗಿತ್ತೋ ಏನೋ, ಆ ಹೊತ್ತಾದರೂ ಮುಖ ಒಂದೇ ಕಡೆ ಇದ್ದಿರಬೇಕು ಎಂದುಕೊಂಡೆ. ಅವನ್ನಷ್ಟೇ ಆರಿಸಿ, ಕಟ್ಟೆಯನ್ನು ಗುರುತಿಟ್ಟು ಪೇರಿಸಲು ಹಚ್ಚಿದೆ. ಅಷ್ಟರಲ್ಲಿ ದತ್ತೋಪಂತರು ಸ್ಟುಡಿಯೊದ ಕೀಲಿ ಮಾಲಕರಿಗೆ ಒಪ್ಪಿಸಿ, ಹೇಳಿ ಹೋಗಲು ಬಂದರು. ಅವರಿಗೂ ಒಂದು ಸ್ಟೂಲು ಹಾಕಿದೆವು. ಬಿಳಿ ಫ್ರಾಕಿನ ಕಥೆ ಕೇಳಿದ್ದೇ ತೊಡೆ ತಟ್ಟಿಕೊಂಡರು.

"ಹೌದಲ್ಲ! ಒಂದು ಕೂಸು ಇತ್ತು. ಒಳಗೆಲ್ಲಿ ಹೋಗ್ತದ ಅದು, ನನ್ನ ಕಡೆನೇ ಬರ್ತಿತ್ತು. ಬಂದು ಕ್ಯಾಮೆರಾದ ಕಾಲು ಹಿಡಕೊಂಡು ನಿಂದರ್ತಿತ್ತು. ಅಲುಗಸ್ತೀ ಹೋಗು ಅಂತ ಬೈತಿದ್ದೆ, ಹೋಗಿ ಮತ್ತ ಬರ್ತಿತ್ತು."

ಪರದೆಯ ಮೇಲೆ ಕಸ ಕರಗತೊಡಗಿತು. ಚಿತ್ರಗಳು ಕಡಿಮೆಯಾದ್ದರಿಂದ ಮರಳು ಚೆಲ್ಲಿದಂತೆ ಒರಟಾಗಿತ್ತು. ಕಂದೀಲಿನ ಬೆಳಕು ಒಂದು ಕೆನ್ನೆಗೆ ಬಿದ್ದಿತ್ತು. ದಪ್ಪ ಮೀಸೆ ಬಂತು, ಒಳಗೆ ಹೋದ ಗಲ್ಲ ಬಂತು. ನಗು ತಡೆದುಕೊಂಡ ಬಾಯಿ ಬಂತು. ಕಡೆಗೆ ಕಣ್ಣು, ನೇರ ನಮ್ಮ ಕಡೆಗೆ. ನಾನು ಕುರ್ಚಿ ಬಿಟ್ಟು ಸರಿದೆ. ನನ್ನೆದುರು ಯಾವತ್ತೂ ಕೂರದ ಮಾಳವ್ವ ಅದರಲ್ಲಿ ಕೂತಳು.

"ಕ್ಯಾಮೆರಾ ಹ್ಯಾಂಗ ನೋಡ್ಯಾನ ನೋಡು, ಹುಲಿ ಹಾಂಗ" ಎಂದರು ದತ್ತೋಪಂತರು.

"ಕ್ಯಾಮೆರಾ ಅಲ್ರಿ ಅಜ್ಜಾರ" ಎಂದಳು ಮಾಳವ್ವ. "ನಾ ನಿಮ್ಮ ಬಾಜೂಕ ನಿಂತಿದ್ನೆಲ್ರಿ. ನನ್ನ ನೋಡಾಕತ್ತಾನ."

ಆಮೇಲೆ ನಾವಿಬ್ಬರೂ ಅಲ್ಲಿರುವುದನ್ನು ಮರೆತವಳಂತೆ ಪರದೆಯ ಹತ್ತಿರ ಮುಖ ತಂದು, ಮನೆಯವರೊಡನೆ ಮಾತಾಡುವ ದನಿಯಲ್ಲಿ ಹೇಳಿದಳು: "ನಾ ಇಲ್ಲೇ ಅದೀನೋ ಯಪ್ಪಾ. ಎಲ್ಲೂ ಹೋಗಿಲ್ಲ."